ಬಾಯಾರಿದರೂ ಬಿಡದ ಪಹಣಿ

ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಬರುವಷ್ಟರಲ್ಲಿ ಕಬ್ಬು ನೆಟ್ಟು ಕಡಿದೇ ಬಿಡಬಹುದು. ನನ್ನ ಪಕ್ಕದಲ್ಲಿ ಪೂರಿಗಾಲಿಯ ಯತೀಶ, ಮೆಕ್ಯಾನಿಕ್ ಯಾಸೀನ್ ಇಬ್ಬರೂ ತಾವೇ ಮಾಡಿದ ಮೊಬೈಲ್ ಗೇಮಿನ ಮಾತಾಡುತ್ತಿದ್ದರು. ಲೋಕ ನಾಶವಾದ ಮೇಲೆ ಒಬ್ಬನೇ ಉಳಿದವನು ಕೈಗೆ ಸಿಕ್ಕಿದ್ದು ಎತ್ತಿಕೊಂಡು ಬದುಕುವ ಆಟ; ನಾಳೆ ಅದನ್ನು ಜನಕ್ಕೆ ಬಿಡಬೇಕಂತೆ.

“ಲೋಕನೇ ನಾಸ ಆದ್ಮೇಲೆ ಜಮೀನಿನ ಪಹಣಿ ಯಾಕ್ಲಾ? ಆಡೋನ ಚೀಲದಲ್ಲಿ ಇಡ್ಸೋದೇ ಒಂದೇ ಒಂದು ಸಾಮಾನು. ತೆಗ್ದಾಕು,” ಎಂದ ಯಾಸೀನ್.

“ಮೊದ್ಲು ಬೆಲೆ ಇತ್ತು, ಈಗಿಲ್ಲ. ಅದೇ ಮಜಾ ಕಣ್ಲಾ.”

“ಯಾರೂ ಎತ್ಕಳಲ್ಲ.”

“ನಮ್ಮಪ್ಪನ ಕೈಲಿ ಆಡಿಸ್ದೆ. ನೀರಿನ ಬಾಟ್ಲಿ ಬುಟ್ಟು ಪಹಣಿ ಎತ್ಕಂಡ. ಬಾಯಾರಿ ಸತ್ತ. ಆರು ಸಲನೂ ಅಂಗೇ.”

“ಅದ್ರಿಂದ ಏನೂ ಉಪಯೋಗ ಇಲ್ಲ ಅಂತ ಏಳ್ಲಿಲ್ವಾ?”

“ಏಳ್ದೆ. ನಾನ್ ಬುಟ್ರೆ ಪಕ್ಕದ ಒಲದ ನಿಮ್ ಚಿಕ್ಕಪ್ಪ ಎತ್ಕಂಡೋಯ್ತಾನೆ ಅಂದ.”

“ಗೇಮಲ್ಲಿ ಎಲ್ರೂ ಸತ್ತೋಗವ್ರಲ್ಲಾ.”

“ಅದ್ನೂ ಏಳ್ದೆ. ಅವ್ನು ಸತ್ತಿರಲ್ಲ ಕಣ್ಲಾ, ಎಲ್ಲೋ ಅವಿತ್ಕಂಡವ್ನೆ ಅಂದ.”

ಯಾಸೀನ್ ಗಡ್ಡ ಕೆರೆದುಕೊಂಡ. ಅಷ್ಟರಲ್ಲಿ ಬಸ್ಸು ಬಂತು.

“ಪಹಣಿ ಇರ್ಲಿ ಬುಡು. ನಿಮ್ ಚಿಕ್ಕಪ್ಪನ್ನೂ ಗೇಮೊಳೀಕೆ ಆಕು,” ಎಂದು ಮೆಟ್ಟಿಲು ಹತ್ತಿದ.