ಮೀನಿನ ಮದ್ದು ಕಲಸಿದವಳು

ಸ್ಕ್ಯಾನಿಂಗ್ ಕೋಣೆಯ ಹೊರಗೆ ನೆಲ ಒರೆಸುತ್ತಿದ್ದ ಹುಡುಗಿ, ಬೆಂಚಿನ ಮೇಲೆ ಕೂತಿದ್ದ ಅತ್ತಿಗೆ ನಾದಿನಿಯರ ಮಾತು ಕಿವಿಗೆ ಬಿದ್ದು, ಬಟ್ಟೆ ಹಿಂಡುವುದನ್ನು ನಿಧಾನ ಮಾಡಿದಳು. ಬಸುರಿ ನಾದಿನಿಯ ಮುಖ ಬಿಳಿಚಿಕೊಂಡಿತ್ತು.

“ಮೀನಿಗೆ ಹಾಕೋ ಮದ್ದು ನಿನಗೇನು ಮಾಡುತ್ತೆ, ಬಿಡೇ,” ಎಂದಳು ಅತ್ತಿಗೆ.

“ಬರೀ ಮದ್ದಲ್ಲ ಅತ್ತಿಗೆ, ಹಾರ್ಮೋನು. ಹೆಣ್ಣು ಮೀನನ್ನ ಗಂಡು ಮಾಡುತ್ತೆ.”

“ಆ ಹವಳದ ದಿಬ್ಬದ ಮೀನುಗಳು ತಾವಾಗೇ ಬದಲಾಗ್ತವೆ ಅಂದಿದ್ದೆ?”

“ಗುಂಪಿನ ಗಂಡು ಸತ್ತರೆ ದೊಡ್ಡ ಹೆಣ್ಣಿನ ಮೈಯಲ್ಲಿ ಹೆಣ್ಣಿನ ಹಾರ್ಮೋನು ಇಳಿದು, ಗಂಡಿಂದು ಏರುತ್ತೆ. ಗಂಡು ಇರುವಾಗಲೇ ಹಾಗಾಗುತ್ತಾ ಅಂತ ನೋಡೋಕೆ ನಮ್ಮ ಲ್ಯಾಬಲ್ಲಿ ಆ ಗಂಡು ಹಾರ್ಮೋನನ್ನ ಮೇವಿಗೆ ಕಲಸಿ ಹಾಕ್ತೀವಿ.”

“ಗ್ಲೌಸ್ ಹಾಕ್ಕೋತೀಯ ತಾನೆ?”

“ಹಾಕ್ಕೊಂಡ್ರೆ ಮೇವಿನ ಹಿಟ್ಟಿನ ಹದ ಗೊತ್ತಾಗಲ್ಲ. ಬರಿಗೈಲೇ ಕಲಸ್ತಿದ್ದೆ.”

“ಅಯ್ಯೋ ನಿನ್ನ! ಡಬ್ಬಿ ಮೇಲೆ ಏನೂ ಬರೆದಿರ್ಲಿಲ್ವಾ?”

“ಬಸುರಿಯರು ಮುಟ್ಟಬಾರದು ಅಂತ ಇತ್ತು.”

“ಯಾವಾಗ ಓದಿದೆ?”

“ಖಾಲಿಯಾದ ಮೇಲೆ. ಬಿಸಾಡೋವಾಗ.”

ಅತ್ತಿಗೆ ಅವಳ ಹತ್ತಿರ ಸರಿದು ಕೂತಳು.

“ನಿನ್ನ ಗಂಡನಿಗೆ ಹೇಳಿದ್ಯಾ?”

“ಯಾರಿಗೂ ಇಲ್ಲ. ಬಾಯಿಬಿಟ್ಟರೆ ನಿಜ ಆಗಿಬಿಡುತ್ತೇನೋ ಅಂತ ಭಯ. ಮಗುಗೆ ಏನಾದ್ರೂ ಆಗಿದ್ರೆ?”

“ಅದನ್ನ ನಾನು ಹೇಳೋಕಾಗುತ್ತಾ? ಡಾಕ್ಟರನ್ನೇ ಕೇಳಬೇಕು.”

ಒಳಗಿನಿಂದ ನರ್ಸ್ ಕೂಗಿದಳು. ನಾದಿನಿ ಏಳಲಿಲ್ಲ. ಅತ್ತಿಗೆ ಕೈ ಚಾಚಿದಳು.

“ಬೇಡ ಅತ್ತಿಗೆ, ನನ್ನ ಕೈ ಮುಟ್ಟಬೇಡಿ.”

“ಕೊಡೇ ಸುಮ್ಮನೆ. ಈ ವಯಸ್ಸಲ್ಲಿ ನಾನೇನು ಹೆರಬೇಕಾ?”

ನಾದಿನಿಯ ನಗು ಅರ್ಧಕ್ಕೇ ಅಳುವಾಯಿತು. ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚುವ ಮೊದಲು ಅತ್ತಿಗೆಯ ದನಿ ಕೇಳಿತು:

“ಡಾಕ್ಟ್ರೇ, ಮೊದಲು ಇವಳು ಹೇಳೋದನ್ನ ಕೇಳಿ.”