ಶುಕ್ರವಾರದ ಸಾಂಬ್ರಾಣಿ

"ನಿಮ್ಮ ಕೊನೆಗಾಲದವರೆಗೂ ಪ್ರತಿ ಶುಕ್ರವಾರ ನಿಮ್ಮ ಕೋಣೆಗೆ ನಾನೇ ಸಾಂಬ್ರಾಣಿ ಹೊಗೆ ಹಿಡೀತೀನಿ ಅತ್ತೆ" ಎಂದು ವಡಿವು ಮದುವೆಯಾಗಿ ಬಂದ ಹೊಸತರಲ್ಲೇ ಮಾತು ಕೊಟ್ಟಿದ್ದಳಂತೆ. ಕುಂಭಕೋಣದ ಆಸ್ಪತ್ರೆಯಲ್ಲಿ ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ತಾಮರೈಗೆ, ಪಕ್ಕದ ಬೆಂಚಿನಲ್ಲಿ ವಡಿವು ಮತ್ತು ಅವಳ ನಾದಿನಿ ಮಂಗೈ ಆಡುತ್ತಿದ್ದ ಜಗಳದಿಂದಲೇ ಇದು ಗೊತ್ತಾಯಿತು. ಒಳಗೆ ಹಾಸಿಗೆ ಹಿಡಿದಿದ್ದ ಆ ಅತ್ತೆಯ, ಮಂಗೈಯ ತಾಯಿಯ, ಬೆನ್ನಿನ ಹುಣ್ಣು ತೊಳೆಯುತ್ತಿದ್ದರು.

"ಅಮ್ಮನ ಹುಣ್ಣಲ್ಲಿ ಹುಳ ಬಿದ್ದಿವೆ ಅತ್ತಿಗೆ. ನಿಮ್ಮ ಮೂಗಿಗೆ ವಾಸನೆ ಬಡೀಲಿಲ್ವಾ?"

"ಬಡೀತು. ಅದಕ್ಕೇ ಕೆಂಡಕ್ಕೆ ಇನ್ನೊಂದು ಹಿಡಿ ಸಾಂಬ್ರಾಣಿ ಹಾಕಿದೆ."

"ಮೊದಲು ಗುಡಿಸಿ ಒರೆಸಿ, ಆಮೇಲಲ್ವಾ ಹೊಗೆ ಹಿಡಿಯೋದು?"

"ಒರೆಸಿದ್ದೆ. ಮಂಚದ ಕೆಳಗೂ ಒರೆಸಿದ್ದೆ."

"ಮಂಚದ ಮೇಲೆ?"

"ಶುಕ್ರವಾರ ತಲೆಗೆ ಸ್ನಾನ ಮಾಡಿ ಮಡಿಯಲ್ಲಿರೋಳು ಆ ಹೊಲಸು ಹೇಗೆ ಮುಟ್ಟಲಿ, ಮಂಗೈ?"

"ಮಿಕ್ಕ ದಿನ ಏನಾಗಿತ್ತು?"

"ಹೊಗೆ ಹೋದ ಕಡೆ ಎಲ್ಲಾ ಶುದ್ಧಿ ಅಂತ ನಿಮ್ಮಮ್ಮನೇ ಹೇಳಿಕೊಟ್ಟಿದ್ದು."

"ಥೂ! ಅಮ್ಮನ್ನ ನಮ್ಮನೆಗೆ ಕರ್ಕೊಂಡ್ಹೋಗ್ತೀನಿ. ನಿಮ್ಮ ಹೊಗೆ ನೀವೇ ಕುಡೀರಿ!"

ತಾಮರೈ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ನರ್ಸ್ ಕರೆದಳು. ಮಂಗೈ ಎದ್ದು ಬಿರಬಿರನೆ ನಡೆದಳು. ವಡಿವು ಹಿಂದೆಯೇ ಹೋಗುತ್ತಾ ಕೇಳಿದಳು, "ಒಂದಾದರೂ ಶುಕ್ರವಾರ ತಪ್ಪಿಸಿದ್ದೀನಾ, ಹೇಳು?"

ತಪ್ಪಿಸಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿದ್ದಳು.