ಪಟ್ಟಿಯಲ್ಲಿ ಬದುಕುಳಿದವರು

ಆಸ್ಪತ್ರೆಯ ಲಿಫ್ಟಿನ ಮುಂದೆ, ಅಲ್ಲಿನ ಕಂಪ್ಯೂಟರ್ ವಿಭಾಗದ ಮೇಲಧಿಕಾರಿಯೂ ಹೊಸಬಳೊಬ್ಬಳೂ ಮಾತಾಡಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

"ತೀರ್ಕೊಂಡವರ ಹೆಸರೆಲ್ಲ ಅಪ್‌ಡೇಟ್ ಆಯ್ತು ಅಂತ ಸ್ಕ್ರೀನಲ್ಲಿ ಬಂತಲ್ಲ ಸಾರ್?"

"ಡೇಟಾಬೇಸ್ ಬರ್ಕೊಳ್ಳೋಕೆ ಮುಂಚೆನೇ ಹೆಸರು ಒಂದೊಂದಾಗಿ ಕಳಿಸೋ ನಿನ್ನ ಲೂಪ್ ಮುಗೀತು ಅಂದ್ಬಿಡ್ತು. ಕನೆಕ್ಷನ್ನೂ ಮುಚ್ಚಿತು. ಹನ್ನೊಂದು ಜನ ಪಟ್ಟಿಯಲ್ಲಿ ಬದುಕೇ ಉಳಿದ್ರು."

"ಬರೆದು ಮುಗಿಯೋವರೆಗೂ ಕಾಯಲಿ ಅಂತ ಒಳಗೆ ಅವೇಟ್ ಹಾಕಿದ್ದೆ."

"ಫಾರ್‌ಈಚ್ ಥರದ ಲೂಪ್ ಅದಕ್ಕೆ ಕ್ಯಾರೇ ಅನ್ನಲ್ಲ ಕಣಮ್ಮ."

"ಬೆಳಿಗ್ಗೆ ಲೂಪನ್ನ ಫಾರ್-ಆಫ್‌ಗೆ ಬದಲಾಯಿಸಿದೆ. ಈಗ ಒಂದೊಂದಕ್ಕೂ ಕಾಯತ್ತೆ."

"ಅಷ್ಟರಲ್ಲಿ ಹನ್ನೊಂದು ಮನೆಗೂ ತಪಾಸಣೆಗೆ ಬನ್ನಿ ಅಂತ ಮೆಸೇಜ್ ಹೋಗಿತ್ತು."

"ಯಾರು ಬರ್ತಾರೆ ಸಾರ್?"

"ಒಬ್ಬರು ತಾಯಿ ಬಂದಿದಾರೆ. ಮಗಳ ಸ್ವೆಟರ್ ಹಿಡ್ಕೊಂಡು, ನೀವೇ ಕರೆದಿದೀರಲ್ಲ ಅಂತಾರೆ."

"ನೀವೇನಂದ್ರಿ?"

"ಕೂತ್ಕೊಳ್ಳಿ ಅಂದೆ. ಕೌಂಟರಿನವರು ಟೋಕನ್ ಕೊಟ್ಟು ಕೂರಿಸಿದಾರೆ."

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು.